ಖಾಲಿ ಬೆಂಚಿನ ಪಕ್ಕದವರು

ಮೊದಲ ಸಲ ನಾವು ಮಾಡಿದ್ದು ಇಷ್ಟೇ. ಪ್ರಾರ್ಥನೆಗೆ ನಿಂತ ಮಕ್ಕಳಿಗೆ ಎರಡು ನಿಮಿಷ ಮೌನ ಆಚರಿಸಲು ಹೇಳಿದೆವು, ರಜೆ ಕೊಟ್ಟೆವು, ಗೇಟಿಗೆ ಬೀಗ ಹಾಕಿದೆವು. ಶಾಲೆಗೆ ಸಂಬಂಧಪಟ್ಟ ಯಾರೇ ಹೋದರೂ ಹಾಗೆ ಮಾಡುವುದು ನಮ್ಮಲ್ಲಿ ರೂಢಿ. ಆದರೆ ಆ ದಿನ ಒಂಬತ್ತನೇ ತರಗತಿಯ ಮಗುವೊಂದು ತನ್ನ ಜೀವ ತಾನೇ ಕಳೆದುಕೊಂಡಿತ್ತು. ರಜೆ ಸಿಕ್ಕ ಮಕ್ಕಳು ಮನೆಗೆ ಹೋಗಲಿಲ್ಲ. ಗುಂಪು ಗುಂಪಾಗಿ ಆ ಮನೆಯ ಮುಂದೆ ನಿಂತು ಕೇಳಬಾರದ್ದನ್ನೆಲ್ಲ ಕೇಳಿದರು, ಸಂಜೆಯೊಳಗೆ ಅದಕ್ಕೆ ಇನ್ನಷ್ಟು ಸೇರಿಸಿ ಮೊಬೈಲಿನಲ್ಲಿ ಹಂಚಿಕೊಂಡರು. ಮರುದಿನ ನಾನು ತರಗತಿಗೆ ಹೋಗಿ ಹಿಂದಿನ ದಿನ ಬಿಟ್ಟಲ್ಲಿಂದ ಪಾಠ ಶುರು ಮಾಡಿದೆ. ಖಾಲಿ ಬೆಂಚಿನ ಕಡೆ ನಾನೂ ನೋಡಲಿಲ್ಲ, ಮಕ್ಕಳೂ ನೋಡಲಿಲ್ಲ.

ನಾನು ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಊರಿನ ಹೆಸರು ಬರೆಯುವುದಿಲ್ಲ. ಆ ಎರಡು ಮನೆಗಳ ಗುರುತು ಹತ್ತುವಂಥ ವಿಷಯ ಯಾವುದನ್ನೂ ಬರೆಯುವುದಿಲ್ಲ.

ಹೌದು, ಎರಡು ಮನೆಗಳು. ಮೂರು ತಿಂಗಳೊಳಗೆ ಹತ್ತನೇ ತರಗತಿಯ ಹುಡುಗನೊಬ್ಬ ಹೋದ. ಅವನು ನನ್ನ ತರಗತಿಯವನು. ಮೊದಲ ಸಲವೇ ನಾವು ಬಾಯಿ ಬಿಟ್ಟು ಮಾತಾಡಿದ್ದರೆ ಇದು ತಪ್ಪುತ್ತಿತ್ತೇ ಎಂದು ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಇಂಥ ಸಾವಿಗೆ ಒಂದೇ ಕಾರಣ ಅಂತ ಇರುವುದಿಲ್ಲ, ಹುಡುಕಿ ಒಬ್ಬರ ಮೇಲೆ ಹಾಕುವುದು ತಪ್ಪು. ಆದರೆ ಹರೆಯದ ಮಕ್ಕಳ ನಡುವೆ ಒಂದು ಸಾವು ಆದಾಗ, ಮೊದಲೇ ಒಳಗೊಳಗೆ ಕುದಿಯುತ್ತಿದ್ದ ಇನ್ನೊಂದು ಮಗುವಿಗೆ ಅಪಾಯ ಹೆಚ್ಚುತ್ತದೆ. ಅದು ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿರಬೇಕಿತ್ತು.

ಸುದ್ದಿ ಬಂದ ಸಂಜೆ ಮುಖ್ಯಗುರುಗಳು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಚೇರಿಗೆ ಫೋನ್ ಮಾಡಿದರು. ಈ ಕಾರ್ಯಕ್ರಮ ಪ್ರತಿ ಜಿಲ್ಲೆಯಲ್ಲೂ ಇದೆ, ನಾವೇ ಯಾವತ್ತೂ ಕೇಳಿರಲಿಲ್ಲ. ಅಲ್ಲಿನ ಆಪ್ತಸಮಾಲೋಚಕರು ಮೊದಲು ಹೇಳಿದ ಮಾತು: ನಾಳೆ ರಜೆ ಕೊಡಬೇಡಿ, ಮಕ್ಕಳು ನಿಮ್ಮ ಕಣ್ಣೆದುರು ಇರಲಿ. ಎರಡನೆಯದು: ಪ್ರಾರ್ಥನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳಬೇಡಿ, ಒಂದೊಂದು ತರಗತಿಗೂ ಅವರಿಗೆ ಬಳಕೆಯ ಶಿಕ್ಷಕರೇ ಹೋಗಿ ಹೇಳಲಿ.

ಮರುದಿನ ಬೆಳಿಗ್ಗೆ ಮಕ್ಕಳು ಬರುವುದಕ್ಕಿಂತ ಒಂದು ತಾಸು ಮುಂಚೆ ನಾವೆಲ್ಲ ಸೇರಿದೆವು. ಅಡುಗೆಯವರನ್ನೂ ಕರೆದೆವು, ಮಕ್ಕಳು ಅವರ ಮುಂದೆ ಹೇಳಿಕೊಳ್ಳುವುದನ್ನು ನಮ್ಮ ಮುಂದೆ ಹೇಳಿಕೊಳ್ಳುವುದಿಲ್ಲ. ಅಂದು ಒಂದು ಶಬ್ದದ ಮೇಲೆ ಬಹಳ ಹೊತ್ತು ಮಾತಾಯಿತು. ಆತ್ಮಹತ್ಯೆ ಎನ್ನುವಲ್ಲಿ ಹತ್ಯೆ ಇದೆ, ಆ ಮಾತು ಸತ್ತ ಮಗುವನ್ನೇ ಕೊಲೆಗಾರನನ್ನಾಗಿ ಮಾಡುತ್ತದೆ. ಹಾಗಂತ "ತೀರಿಕೊಂಡ" ಎಂದಷ್ಟೇ ಹೇಳಿದರೆ, ಊರಿಗೆಲ್ಲ ಗೊತ್ತಿರುವುದನ್ನು ನಾವು ಮುಚ್ಚಿಡುತ್ತಿದ್ದೇವೆ ಎಂದು ಮಕ್ಕಳಿಗೆ ತಿಳಿಯುತ್ತದೆ. ಹುಡುಗನ ಚಿಕ್ಕಪ್ಪನನ್ನು ಕೇಳಿ, ಒಪ್ಪಿಗೆ ಪಡೆದು, ಒಂದು ಚೀಟಿಯಲ್ಲಿ ನಾಲ್ಕು ವಾಕ್ಯ ಬರೆದೆವು. ಅವನು ತನ್ನ ಜೀವ ತಾನೇ ಕಳೆದುಕೊಂಡಿದ್ದಾನೆ. ಅವನ ನೋವು ಎಷ್ಟಿತ್ತೆಂದು ನಮಗೆ ಯಾರಿಗೂ ಪೂರ್ತಿ ತಿಳಿಯಲಿಲ್ಲ. ಇದು ನಿಮ್ಮ ಯಾರ ತಪ್ಪೂ ಅಲ್ಲ. ಇಂಥ ನೋವಿಗೆ ಸಹಾಯ ಇದೆ, ಅದನ್ನು ಹುಡುಕಲು ನಾವು ನಿಮ್ಮ ಜೊತೆ ಇರುತ್ತೇವೆ. ಹೇಗೆ ಆಯಿತು, ಎಲ್ಲಿ ಆಯಿತು ಎಂಬುದನ್ನು ಬರೆಯಲಿಲ್ಲ. ಮಕ್ಕಳು ಕೇಳಿದರೂ ಹೇಳಲಿಲ್ಲ.

ನನ್ನ ತರಗತಿಯಲ್ಲಿ ಎರಡನೇ ವಾಕ್ಯಕ್ಕೆ ನನ್ನ ದನಿ ನಿಂತುಹೋಯಿತು. ಹಾಗೇ ನಿಂತೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ತನ್ನ ನೀರಿನ ಬಾಟಲಿ ತಂದು ಟೇಬಲ್ ಮೇಲಿಟ್ಟು ಹೋದಳು. ಅವಳ ಹಿಂದೆಯೇ ಇಡೀ ತರಗತಿ ಅತ್ತಿತು. ಅಂದು ಪಾಠ ಮಾಡಲಿಲ್ಲ. ಮಾತಾಡಬೇಕು ಅನ್ನಿಸಿದವರು ಮಾತಾಡಿದರು, ಬೇಡ ಅನ್ನಿಸಿದವರು ಬೇವಿನ ಮರದ ಕೆಳಗೆ ಕೂತರು, ಅಲ್ಲಿಯೂ ಒಬ್ಬ ಶಿಕ್ಷಕರು ಇದ್ದರು. ಬಿಸಿಯೂಟ ಮಾತ್ರ ಎಂದಿನ ಹೊತ್ತಿಗೇ ಆಯಿತು. ದಿನದ ಕೆಲವು ಗಂಟೆಗಳಾದರೂ ತಮ್ಮ ಜಾಗದಲ್ಲೇ ಇರುವುದು ಮಕ್ಕಳಿಗೆ ಬೇಕು.

ಮೂರನೇ ದಿನ ಅವನ ಗೆಳೆಯರು ಬಂದರು. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸಬೇಕು, ಭಾವಪೂರ್ಣ ಶ್ರದ್ಧಾಂಜಲಿ ಅಂತ, ರೊಕ್ಕ ಕೂಡಿಸಿದ್ದೇವೆ ಎಂದರು. ಬೇಡ ಎಂದು ಹೇಳುವುದು ನನಗೆ ಸಂಕಟವಾಯಿತು. ಅದು ಅವರ ಪ್ರೀತಿ. ಆದರೆ ಬದುಕಿದ್ದಾಗ ಯಾರೂ ನೋಡದ ಮುಖ ಸತ್ತ ಮೇಲೆ ಅಷ್ಟು ದೊಡ್ಡದಾಗಿ ಊರ ನಡುವೆ ನಿಂತರೆ, ದಿನಾ ಬಸ್ಸಿಗೆ ಕಾಯುವ ಇನ್ನೊಂದು ನೊಂದ ಮಗು ಅದನ್ನು ಹೇಗೆ ಓದಿಕೊಳ್ಳುತ್ತದೆ? ಹೀಗೇ ಅವರಿಗೆ ಬಿಡಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಒಬ್ಬ ಕೇಳಿದ, "ಹಂಗಾದ್ರ ಏನ್ ಮಾಡಬೇಕ್ರಿ ಮೇಡಂ? ಏನೂ ಮಾಡ್ಲಾರ್ದ ಇರಕ ಆಗಲ್ರಿ." ನಮ್ಮ ಕಡೆ ಸಾವಿನ ಮನೆಗೆ ಬುತ್ತಿ ಒಯ್ಯುವ ಪದ್ಧತಿ ಇದೆಯಲ್ಲ. ಒಬ್ಬೊಬ್ಬರು ತಮ್ಮ ಮನೆಯಿಂದ ಎರಡೆರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದರು. ನಾನೂ ಜೊತೆಗೆ ಹೋದೆ. ಅವನ ತಾಯಿ ಆ ಹುಡುಗರ ತಲೆ ಒಬ್ಬೊಬ್ಬರದಾಗಿ ಸವರಿದಳು, ಎಲ್ಲರನ್ನೂ ಉಣ್ಣಲು ಕೂಡಿಸಿ ತಾನೂ ಒಂದು ತುತ್ತು ತಿಂದಳು.

ಬೆಂಚನ್ನು ತಕ್ಷಣ ತೆಗೆಯಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವನನ್ನೇ ಕೇಳಿದೆವು. ಹತ್ತು ದಿನದ ನಂತರ ಇಡೀ ತರಗತಿಯ ಕೂರುವ ಸಾಲುಗಳನ್ನೇ ಬದಲಿಸಿದೆವು, ಯಾರೊಬ್ಬರೂ ಆ ಜಾಗಕ್ಕೆ ಒಂಟಿಯಾಗಿ ಹೋಗಿ ಕೂರುವಂತಾಗಲಿಲ್ಲ.

ಯಾರನ್ನು ಹೆಚ್ಚು ಗಮನಿಸಬೇಕೆಂದು ಒಂದು ಪಟ್ಟಿ ಮಾಡಿಕೊಂಡೆವು. ಆಪ್ತ ಗೆಳೆಯರು ಸರಿ. ಆದರೆ ಹಿಂದಿನ ವಾರ ಅವನ ಜೊತೆ ಜಗಳವಾಡಿದ್ದವನು, ಕೆಳಗಿನ ತರಗತಿಯಲ್ಲಿದ್ದ ಅವನ ತಂಗಿ, ಮೊದಲ ಮಗುವಿನ ಜೊತೆಗಾರ್ತಿಯರು, ಮನೆಯಲ್ಲಿ ಇನ್ಯಾವುದೋ ಸಾವು ಕಂಡವರು, ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ ಅಜ್ಜಿಯ ಹತ್ತಿರ ಉಳಿದವರು, ಇವರೂ ಇದ್ದರು. ಪಟ್ಟಿಯ ಕೊನೆಗೆ ನಮ್ಮದೇ ಒಬ್ಬ ಸಹೋದ್ಯೋಗಿಯ ಹೆಸರೂ ಬಂತು. ಹಾಜರಿ ಕಡಿಮೆ ಎಂದು ಅವರು ಆ ಹುಡುಗನಿಗೆ ಬೈದಿದ್ದರು. ಅವರನ್ನು ಒಂದು ವಾರ ಯಾರಾದರೊಬ್ಬರು ಮನೆತನಕ ಬಿಟ್ಟು ಬರುತ್ತಿದ್ದೆವು.

ಪಟ್ಟಿಯಲ್ಲಿದ್ದ ಪ್ರತಿ ಮಗುವನ್ನೂ ನಾನು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂದು ನಾನೂ ಹೆದರಿದ್ದೆ. ಹಾಗಾಗುವುದಿಲ್ಲ. ಕೇಳಿದಾಗ ಎದೆಯ ಭಾರ ಇಳಿದಂತಾಗುವುದನ್ನೇ ನಾನು ಕಂಡಿದ್ದೇನೆ. ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ ಒಬ್ಬ ಹುಡುಗನನ್ನು ಗ್ರಂಥಾಲಯದ ಕೋಣೆಯಲ್ಲಿ ಕೂಡಿಸಿಕೊಂಡು ಕೇಳಿದೆ, "ನಿನಗೂ ಸಾಯಬೇಕು ಅಂತ ಅನಸ್ಲತ್ತದೇನಪ್ಪ?" ಅವನು ಅಂಗಿಯ ಗುಂಡಿ ತಿರುವುತ್ತ ಕೂತಿದ್ದ. "ಹೌದ್ರಿ. ಭಾಳ ದಿನ ಆತ್ರಿ. ಯಾರೂ ಕೇಳಿದ್ದಿಲ್ರಿ."

ಅವನನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಲಿಲ್ಲ. ಅಲ್ಲಿಂದಲೇ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ರೊಕ್ಕ ಬೀಳುವುದಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಅವನೇ ಮಾತಾಡಿದ. ಆಮೇಲೆ ಅವನ ಆಯಿಯನ್ನು, ಅಂದರೆ ಅಜ್ಜಿಯನ್ನು, ಕರೆಸಿ, ಹೊಲದ ಔಷಧಿ ಸೇರಿದಂತೆ ಅಪಾಯದ ಯಾವ ವಸ್ತುವೂ ಮನೆಯಲ್ಲಿ ಅವನ ಕೈಗೆ ಸಿಗದಂತೆ ಬೀಗ ಹಾಕಿಸಿದೆವು. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ ಅವನ ಅಪ್ಪ ಅಂದು ರಾತ್ರಿಯೇ ಹೊರಟು ಬಂದ. ಮುಂದಿನ ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಇರುವ ಮನೋಚೈತನ್ಯ ಕ್ಲಿನಿಕ್‌ಗೆ ನಾನೂ ಅಪ್ಪನೂ ಅವನನ್ನು ಕರೆದುಕೊಂಡು ಹೋದೆವು. ಅಪ್ಪನ ಮೊದಲ ಪ್ರಶ್ನೆ, "ಪೊಲೀಸ್ ಕೇಸ್ ಆಗ್ತದೇನ್ರಿ?" ಹಿಂದೆ ಯತ್ನಿಸಿದ್ದ ಮಗುವನ್ನೂ ಈ ಹೆದರಿಕೆಗೇ ಎಷ್ಟೋ ಮನೆಗಳು ಮುಚ್ಚಿಡುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ. ಇದನ್ನು ಹೇಳಿದಾಗ ಅವನು ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡ.

ಪರೀಕ್ಷೆಯ ಮಾತು ಬಿಟ್ಟರೆ ಈ ಬರಹ ಅರ್ಧವೇ ಆಗುತ್ತದೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಶೇ. 50.59ರೊಂದಿಗೆ ರಾಜ್ಯಕ್ಕೇ ಕೊನೆಯದಾಗಿತ್ತು. ಆಮೇಲೆ ಯಾವ ಸಭೆಗೆ ಹೋದರೂ ಅದೇ ಮಾತು. ಮೇಲಿನಿಂದ ನಮ್ಮ ಮೇಲೆ ಬಿದ್ದದ್ದನ್ನು ನಾವು ಮಕ್ಕಳ ಮೇಲೆ ಹಾಕಿದೆವು, ಮುಂಜಾನೆ ಸ್ಪೆಷಲ್ ಕ್ಲಾಸ್, ಸಂಜೆ ಸ್ಪೆಷಲ್ ಕ್ಲಾಸ್, ನಡುವೆ "ಜಿಲ್ಲೆ ಮರ್ಯಾದೆ ಕಳೀಬ್ಯಾಡ್ರಿ". ಹದಿನೈದು ವರ್ಷದ ಮಗು ಜಿಲ್ಲೆಯ ಮರ್ಯಾದೆ ಹೊರಬೇಕೇ? ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ನಪಾಸಾದರೆ ಮುಂದಿನದು ಕೆಲವೇ ವಾರಗಳಲ್ಲಿ ಬರುತ್ತದೆ. ಅದನ್ನು ಗೋಡೆಗೆ ದೊಡ್ಡದಾಗಿ ಬರೆಸಿದೆವು, ಪಕ್ಕದಲ್ಲಿ 14416 ಮತ್ತು ಮಕ್ಕಳ ಸಹಾಯವಾಣಿ 1098. ಪಾಲಕರ ಸಭೆಯಲ್ಲಿ ಒಂದೇ ವಿನಂತಿ ಮಾಡಿದೆವು: ಪರೀಕ್ಷೆ ಮುಗಿಸಿ ಬಂದ ಮಗುವಿಗೆ ಪೇಪರ್ ಹೇಗಿತ್ತು ಎಂದು ಮೊದಲು ಕೇಳಬೇಡಿ.

ಪ್ರವೇಶ ಪತ್ರ ಪ್ರಿಂಟ್ ಹಾಕಿದ ದಿನ ಉಳಿದವುಗಳ ನಡುವೆ ತೀರಿಹೋದ ಹುಡುಗನದೂ ಬಂತು, ಸಮವಸ್ತ್ರ ತೊಟ್ಟ ಫೋಟೋ ಸಮೇತ. ಹಂಚುವ ಮುಂಚೆ ನೋಡಿದ್ದು ಪುಣ್ಯ. ತೆಗೆದು ಮುಖ್ಯಗುರುಗಳ ಕೈಗೆ ಕೊಟ್ಟೆ, ಅವನ ಅಪ್ಪ ಬಂದು ಕೇಳಿ ಒಯ್ದ. ಆದರೆ ಪರೀಕ್ಷಾ ಕೇಂದ್ರದ ಡೆಸ್ಕಿನ ಮೇಲೆ ಅವನ ನೋಂದಣಿ ಸಂಖ್ಯೆ ಇದ್ದೇ ಇರುತ್ತದೆ. ಹಿಂದಿನ ದಿನ ಮಕ್ಕಳನ್ನು ಕೂಡಿಸಿ ಹೇಳಿದೆ: ಅವನ ನಂಬರ್ ಇರುತ್ತದೆ, ಆ ಜಾಗ ಖಾಲಿ ಇರುತ್ತದೆ, ನೋಡಿ ಅಳು ಬಂದರೆ ಅತ್ತು ಆಮೇಲೆ ಬರೆಯಿರಿ, ನಾನು ಗೇಟಿನ ಹತ್ತಿರವೇ ಇರುತ್ತೇನೆ.

ಮೊದಲ ಪೇಪರ್ ಕನ್ನಡ. ಮಾರ್ಚಿನ ಬಿಸಿಲಿಗೆ ಗೇಟಿನ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಹೌದು ಎಂದಿದ್ದ ಹುಡುಗನ ಆಯಿ ಮುಂಜಾನೆಯಿಂದಲೂ ಕಂಪೌಂಡಿನ ನೆರಳಲ್ಲಿ ಕೂತಿದ್ದರು, ಮಡಿಲಲ್ಲಿ ಬುತ್ತಿಯ ಗಂಟು. ಗಂಟೆ ಹೊಡೆಯಿತು, ಮಕ್ಕಳು ಹೊರಗೆ ಬಂದರು, ಅವನೂ ಬಂದ. ಆಯಿ ಗೋಡೆ ಹಿಡಿದು ಎದ್ದರು.

"ಬಾ ಯಪ್ಪಾ, ಉಣ್ಣು ಬಾ."