ಹೊಸಬರಿಗೆ ಮಾರ್ಗದರ್ಶಿ: ಅಪ್ಪನದೊಂದು ದೇಶ, ಅಮ್ಮನದೊಂದು ದೇಶ, ಮಗುವಿನ ಪಾಸ್‌ಪೋರ್ಟ್ ಯಾವುದು?

ಗಂಡ ಕನ್ನಡಿಗ, ಹೆಂಡತಿ ಜರ್ಮನಿಯವಳು ಎಂಬಂಥ ಮನೆಗಳಿಗೆ ಮಾತ್ರ ಈ ಭಾಗ ಎಂದುಕೊಂಡು ಪುಟ ತಿರುಗಿಸಬೇಡಿ. ಇಬ್ಬರೂ ಒಂದೇ ಊರಿನವರಿರಬಹುದು, ಮನೆಯಲ್ಲಿ ಅಚ್ಚ ಕನ್ನಡವೇ ಇರಬಹುದು. ಒಬ್ಬರು ಕೆನಡಾ ಪೌರತ್ವ ತೆಗೆದುಕೊಂಡು ಇನ್ನೊಬ್ಬರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಕಾನೂನಿನ ಲೆಕ್ಕದಲ್ಲಿ ನಿಮ್ಮದೂ ಎರಡು ದೇಶದ ಕುಟುಂಬವೇ. ನಮ್ಮ ಸಂಘಕ್ಕೆ ಬರುವ ಅರ್ಧದಷ್ಟು ತೊಡಕುಗಳು ಇಂಥ ಮನೆಗಳವೇ. ನಮಗೆ ಇದು ಅನ್ವಯಿಸುವುದಿಲ್ಲ ಎಂದು ಅವರು ಕೂತಿರುತ್ತಾರೆ.

ಮೊದಲು ಪೌರತ್ವ, ಆಮೇಲೆ ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಅರ್ಜಿ ತುಂಬುವ ಮೊದಲು ಮಗು ಯಾವ ದೇಶದ ಪ್ರಜೆ ಎಂಬುದನ್ನು ಗಂಡಹೆಂಡತಿ ಕೂತು ತೀರ್ಮಾನಿಸಿ. ಹೆರಿಗೆಗೆ ಮೊದಲೇ ಆದರೆ ಒಳ್ಳೆಯದು. ಭಾರತದಲ್ಲಿ ಉಭಯ ಪೌರತ್ವ ಇಲ್ಲ. ‘ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಕಾರ್ಡ್) ಇದೆಯಲ್ಲ, ಅದೂ ಒಂದು ಪೌರತ್ವವೇ’ ಎನ್ನುವವರು ಈಗಲೂ ಇದ್ದಾರೆ. ಅದು ಪೌರತ್ವ ಅಲ್ಲ, ಜೀವನಪರ್ಯಂತದ ವೀಸಾ. ಓಸಿಐ ಇದ್ದವರಿಗೆ ಮತದಾನವಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ, ಭಾರತದ ಪಾಸ್‌ಪೋರ್ಟ್ ಸಿಗುವುದಿಲ್ಲ.

ಮಗುವಿನ ಪೌರತ್ವ ನಿಲ್ಲುವುದು ಮೂರು ವಿಷಯಗಳ ಮೇಲೆ: ಹುಟ್ಟಿದ್ದು ಯಾವ ನೆಲದಲ್ಲಿ, ಹುಟ್ಟಿದ ದಿನ ತಂದೆ ತಾಯಿ ಯಾವ ದೇಶದ ಪ್ರಜೆಗಳು, ಆ ಪೌರತ್ವ ಅವರಿಗೆ ಬಂದದ್ದು ಹೇಗೆ. ಮೂರನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಪೆಟ್ಟು ಬೀಳುವುದೂ ಅಲ್ಲೇ. ವಂಶದಿಂದ ಬ್ರಿಟಿಷ್ ಪ್ರಜೆಯಾದವರು ಬ್ರಿಟನ್ನಿನ ಹೊರಗೆ ಹುಟ್ಟಿದ ತಮ್ಮ ಮಗುವಿಗೆ ಆ ಪೌರತ್ವವನ್ನು ಸಾಮಾನ್ಯವಾಗಿ ತಾನಾಗಿ ದಾಟಿಸಲಾರರು. ದಂಪತಿಯಲ್ಲಿ ಒಬ್ಬರೇ ಅಮೆರಿಕದ ಪ್ರಜೆಯಾಗಿ ಮಗು ಹೊರದೇಶದಲ್ಲಿ ಹುಟ್ಟಿದರೆ, ಆ ಪ್ರಜೆ ಮಗು ಹುಟ್ಟುವ ಮೊದಲು ಒಟ್ಟು 5 ವರ್ಷ ಅಮೆರಿಕದ ನೆಲದಲ್ಲಿ ಇದ್ದಿರಬೇಕು, ಅದರಲ್ಲಿ 2 ವರ್ಷ 14 ತುಂಬಿದ ಮೇಲೆ. ಶಾಲಾ ದಾಖಲೆ, ತೆರಿಗೆ ಪತ್ರ, ಬಾಡಿಗೆ ಕರಾರು ಎಲ್ಲ ತೋರಿಸಿ ಇದನ್ನು ಸಾಬೀತು ಮಾಡಬೇಕಾಗುತ್ತದೆ. ಜಪಾನ್ ಪ್ರಜೆಯ ಮಗು ಜಪಾನಿನ ಹೊರಗೆ ಹುಟ್ಟಿ, ಹುಟ್ಟಿನಿಂದಲೇ ಇನ್ನೊಂದು ಪೌರತ್ವವನ್ನೂ ಪಡೆದರೆ 3 ತಿಂಗಳೊಳಗೆ ಪೌರತ್ವ ಕಾಯ್ದಿರಿಸುವ ಅರ್ಜಿ ಕೊಡಬೇಕು. 1999ರ ಡಿಸೆಂಬರ್ 31ರ ನಂತರ ಹೊರದೇಶದಲ್ಲಿ ಹುಟ್ಟಿ, ಹೊರದೇಶದಲ್ಲೇ ನೆಲೆಸಿರುವ ಜರ್ಮನ್ ಪ್ರಜೆಗಳ ಮಗು ಅಲ್ಲೇ ಹುಟ್ಟಿದರೆ ಜರ್ಮನಿಯ ಜನನ ನೋಂದಣಿಗೆ 1 ವರ್ಷದ ಗಡುವು. ಕುವೈತ್, ಕತಾರ್‌ಗಳಲ್ಲಿ ತಾಯಿಯ ಪೌರತ್ವ ತಂದೆಯದರಂತೆ ಮಗುವಿಗೆ ಬರುವುದಿಲ್ಲ.

ಅಮೆರಿಕ, ಕೆನಡಾಗಳಲ್ಲಿ ಹುಟ್ಟಿದ ಮಗು ನೀವು ಕೇಳಿದರೂ ಬಿಟ್ಟರೂ ಆ ದೇಶದ ಪ್ರಜೆ (ರಾಜತಾಂತ್ರಿಕರ ಮಕ್ಕಳನ್ನು ಬಿಟ್ಟು). ಅಂಥ ಮಗುವಿಗೆ ಭಾರತದ ಪಾಸ್‌ಪೋರ್ಟನ್ನಷ್ಟೇ ಮಾಡಿಸಿ ಊರಿಗೆ ಕರೆದುಕೊಂಡು ಹೋದರೆ ವಾಪಸ್ ಬರುವಾಗ ಸಿಕ್ಕಿಬೀಳುತ್ತೀರಿ. ಅಮೆರಿಕ ತನ್ನ ಪ್ರಜೆಗೆ ವೀಸಾ ಕೊಡುವುದಿಲ್ಲ, ಅಮೆರಿಕದ ಪಾಸ್‌ಪೋರ್ಟನ್ನೇ ಕೇಳುತ್ತದೆ. ಆ ಪಾಸ್‌ಪೋರ್ಟ್ ಮಾಡಿಸಿದ ಕೂಡಲೇ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಇಂಥಲ್ಲಿ ಅಲ್ಲಿಯ ಪಾಸ್‌ಪೋರ್ಟ್, ಜೊತೆಗೆ ಓಸಿಐ, ಇದೊಂದೇ ನಡೆಯುವ ದಾರಿ. ‘ಸದ್ಯಕ್ಕೆ ಎರಡೂ ಇರಲಿ’ ಎಂಬ ಸಲಹೆ ಸ್ನೇಹಿತರ ಕೂಟದಲ್ಲಿ ಧಾರಾಳವಾಗಿ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಭಾರತದ ನಿಯಮಗಳ ಪ್ರಕಾರ ಬೇರೆ ದೇಶದ ಪಾಸ್‌ಪೋರ್ಟ್ ಪಡೆಯುವುದೇ ಆ ಪೌರತ್ವವನ್ನು ಒಪ್ಪಿಕೊಂಡದ್ದಕ್ಕೆ ಸಾಕ್ಷಿ.

ಭಾರತದ ಪೌರತ್ವವೇ ಬೇಕೆಂದರೆ: ಒಂದು ವರ್ಷದ ಗಡುವು

ಇದನ್ನು ಎರಡು ಸಲ ಓದಿ.

1992ರ ಡಿಸೆಂಬರ್ 10ರಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯಿಂದಾಗಲಿ ತಾಯಿಯಿಂದಾಗಲಿ ಭಾರತದ ಪೌರತ್ವ ಬರಬಹುದು. ಅದಕ್ಕೆ ಮೊದಲು ಹುಟ್ಟಿದವರಿಗೆ ತಂದೆಯ ಪೌರತ್ವವೇ ಲೆಕ್ಕ. ಆದರೆ 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದವರಿಗೆ ಇನ್ನೊಂದು ಷರತ್ತಿದೆ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು, ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಘೋಷಣೆ ಕೊಡಬೇಕು.

ಇಲ್ಲಿ ಎಡವುವುದು ಹೀಗೆ. ಆಸ್ಪತ್ರೆಯಲ್ಲಿ ಜನನ ಪತ್ರ ಕೊಟ್ಟರು, ನಗರಸಭೆಯಲ್ಲಿ ನೋಂದಣಿಯಾಯಿತು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅದು ನೀವಿರುವ ದೇಶದ ನೋಂದಣಿ. ಭಾರತದ್ದು ಬೇರೆ, ಅದಕ್ಕೆ ಬೇರೆ ಅರ್ಜಿ, ಬೇರೆ ಪ್ರಮಾಣಪತ್ರ. ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಪಾಸ್‌ಪೋರ್ಟ್ ಮಾಡಿಸಿದರಾಯಿತು ಎಂದು ಬಿಟ್ಟವರ ಮಗುವಿಗೆ ಅಷ್ಟರಲ್ಲಿ ಮೊದಲ ಹುಟ್ಟುಹಬ್ಬ ದಾಟಿರುತ್ತದೆ. ಆಮೇಲೆ ಕೇಂದ್ರ ಸರ್ಕಾರದ ಅನುಮತಿ ಬೇಕು. ತಡವಾದದ್ದೇಕೆ ಎಂದು ಬರೆದು ಕೊಡಬೇಕು, ಕಡತ ದೆಹಲಿಗೆ ಹೋಗಿ ಬರಬೇಕು. ಅಲ್ಲಿಯವರೆಗೆ ಮಗುವಿಗೆ ಭಾರತದ ಪಾಸ್‌ಪೋರ್ಟ್ ಇಲ್ಲ. ನೀವಿರುವ ದೇಶ ಪೌರತ್ವ ಕೊಡದಿದ್ದರೆ, ಮಗುವಿಗೆ ಇನ್ನೊಬ್ಬ ಪೋಷಕರ ಪಾಸ್‌ಪೋರ್ಟ್ ಕೂಡ ಇಲ್ಲದಿದ್ದರೆ, ವೀಸಾ ಅಂಟಿಸಲು ಒಂದು ಪುಸ್ತಕವೂ ಇರುವುದಿಲ್ಲ. ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನದೊಳಗೆ ನಿವಾಸ ವೀಸಾ ಆಗಬೇಕು, ತಪ್ಪಿದರೆ ದಿನಕ್ಕಿಷ್ಟು ಎಂದು ದಂಡ ಬೆಳೆಯುತ್ತದೆ. ಅಂಥ ಕಡೆ ಒಂದು ವರ್ಷ ಎಂಬುದೂ ಬಹಳ ದೂರದ ಮಾತು. ಮೊದಲ ತಿಂಗಳಲ್ಲೇ ಮುಗಿಸಿ. ನೋಂದಣಿಯ ಅರ್ಜಿಯನ್ನೂ ಪಾಸ್‌ಪೋರ್ಟ್ ಅರ್ಜಿಯನ್ನೂ ಒಟ್ಟಿಗೇ ಸಿದ್ಧಮಾಡಿಕೊಂಡರೆ ಓಡಾಟ ಕಡಿಮೆ.

ಹೀಗೆ ಭಾರತದ ಪ್ರಜೆಯಾದ ಮಗುವಿಗೆ ಹುಟ್ಟಿನಿಂದಲೇ ಇನ್ನೊಂದು ಪೌರತ್ವವೂ ಇದ್ದರೆ, 18 ತುಂಬಿದ 6 ತಿಂಗಳೊಳಗೆ ಅದನ್ನು ಬಿಟ್ಟುಕೊಡಬೇಕು. ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ. ಈ ಮಾತನ್ನು ಮಕ್ಕಳಿಗೆ ಹೈಸ್ಕೂಲಿನಲ್ಲಿರುವಾಗಲೇ ಹೇಳಿ.

ಅಪ್ರಾಪ್ತರ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡುವ ಘೋಷಣೆ ಅನೆಕ್ಷರ್ ಡಿ. ಇನ್ನೊಬ್ಬರ ಒಪ್ಪಿಗೆ ಸಿಗದಿದ್ದಾಗ ಒಬ್ಬರೇ ಕೊಡುವುದು ಅನೆಕ್ಷರ್ ಸಿ. ವಿದೇಶಿ ಪೋಷಕರ ಸಹಿಯೂ ಬೇಕೇ ಬೇಕು, ಅದು ಅವರ ಪಾಸ್‌ಪೋರ್ಟಿನಲ್ಲಿರುವ ಸಹಿಗೆ ಹೊಂದಬೇಕು. ಅವಧಿ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು.

ಹೆಸರು

ನಮ್ಮವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಇದೇ.

ಊರಿನಲ್ಲಿ ಹೆಸರಿಲ್ಲದೆ ಜನನ ನೋಂದಣಿ ಮಾಡಿಸಿ, ನಾಮಕರಣದ ನಂತರ ಹೆಸರು ಸೇರಿಸಬಹುದು. ಹೊರಗಿನ ಅನೇಕ ದೇಶಗಳಲ್ಲಿ ಹಾಗೆ ಸುಲಭವಿಲ್ಲ. ಜನನ ಪತ್ರದಲ್ಲಿ ಒಮ್ಮೆ ಬಂದ ಹೆಸರನ್ನು ಬದಲಿಸಲು ಕೋರ್ಟು ಕಚೇರಿ ಅಲೆಯಬೇಕಾಗಬಹುದು. ಅಜ್ಜಿ ತಾತ ಒಪ್ಪುವ ಹೆಸರು, ಜಾತಕದ ಅಕ್ಷರ, ಎಲ್ಲವನ್ನೂ ಹೆರಿಗೆಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಮನೆಯಲ್ಲಿ ಏನಾದರೂ ಕರೆಯಿರಿ, ಕಾಗದದಲ್ಲಿ ಒಂದೇ ಇರಲಿ.

ಎರಡನೆಯದು ಮನೆತನದ ಹೆಸರು. ತಾಯಿಯ ಭಾರತೀಯ ಪಾಸ್‌ಪೋರ್ಟಿನಲ್ಲಿ ‘ಸುಮಾ ರಾಮಚಂದ್ರ’ ಎಂಬಷ್ಟೂ ಗಿವನ್ ನೇಮ್ ಖಾನೆಯಲ್ಲಿದೆ, ಸರ್‌ನೇಮ್ ಖಾನೆ ಖಾಲಿ. ತಂದೆ ಮುಲ್ಲರ್. ಆಸ್ಪತ್ರೆಯ ಗುಮಾಸ್ತರು ಹೆಂಡತಿಯೂ ಮುಲ್ಲರ್ ಇರಬೇಕೆಂದುಕೊಂಡು ಮಗುವಿನ ಜನನ ಪತ್ರದಲ್ಲಿ ತಾಯಿಯನ್ನು ‘ಸುಮಾ ಮುಲ್ಲರ್’ ಎಂದು ಬರೆದುಬಿಡುತ್ತಾರೆ. ಆ ಹೆಸರಿನ ಪಾಸ್‌ಪೋರ್ಟ್ ಲೋಕದಲ್ಲಿ ಎಲ್ಲೂ ಇಲ್ಲ. ಓಸಿಐ ಅರ್ಜಿಯಲ್ಲಿ ಭಾರತೀಯ ಪೋಷಕರು ಇವರೇ ಎಂದು ತೋರಿಸಲಾಗದೆ ಕಡತ ವಾಪಸ್ ಬರುತ್ತದೆ. ಆದ್ದರಿಂದ ಜನನ ಪತ್ರಕ್ಕೆ ಸಹಿ ಮಾಡುವ ಮುನ್ನ ಇಬ್ಬರ ಪಾಸ್‌ಪೋರ್ಟನ್ನೂ ಪಕ್ಕದಲ್ಲಿ ತೆರೆದಿಟ್ಟು ಅಕ್ಷರ ಅಕ್ಷರ ಓದಿ. ‘ನೀಲಾ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಎರಡು ‘ಇ’, ಇನ್ನೊಂದು ಕಡೆ ಒಂದು ‘ಐ’ ಬಂದರೂ ಅದು ಎರಡು ಹೆಸರೇ.

ಇನಿಷಿಯಲ್ ಇಟ್ಟುಕೊಳ್ಳುವ ಅಭ್ಯಾಸ ಇಲ್ಲಿಗೆ ಸಾಕು. ಪೂರ್ತಿ ಬಿಡಿಸಿ ಬರೆಯಿರಿ. ಗಿವನ್ ನೇಮ್ ಖಾನೆ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ, ಮುಂದೆ ಬ್ಯಾಂಕು, ಶಾಲೆ, ಚಾಲನಾ ಪರವಾನಗಿಗಳಲ್ಲೂ ಅದೇ ನಿಮ್ಮ ಹೆಸರಾಗಿ ಕೂರುತ್ತದೆ. ಒಂದೇ ಪದದ ಹೆಸರಿನ ಪಾಸ್‌ಪೋರ್ಟ್‌ಗಳಿಗೆ ಯುಎಇ 2022ರ ನವೆಂಬರ್‌ನಿಂದ ಭೇಟಿ ವೀಸಾ ಬಿಗಿಗೊಳಿಸಿದೆ. ಇನ್ನು ನಮ್ಮ ಉದ್ದ ಹೆಸರುಗಳು: ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲಿರುತ್ತವೆ, ಒಂದೊಂದರಲ್ಲಿ 44 ಅಕ್ಷರ, ಹೆಸರಿಗೆ ಸಿಗುವುದು 39 ಸ್ಥಾನ. ಅದಕ್ಕಿಂತ ಉದ್ದವಾದರೆ ಕತ್ತರಿಸಿಹೋಗುತ್ತದೆ. ಜರ್ಮನ್ ಹೆಸರುಗಳಲ್ಲಿ ಸ್ವರದ ಮೇಲಿನ ಎರಡು ಚುಕ್ಕಿ ಈ ಸಾಲಿನಲ್ಲಿ ಇರುವುದಿಲ್ಲ, ಬದಲಿಗೆ ಮುಂದೆ ಒಂದು ‘ಇ’ ಬರುತ್ತದೆ. ವಿಮಾನ ಟಿಕೆಟ್ಟಿನಲ್ಲಿ ಈ ಸಾಲಿನಲ್ಲಿರುವಂತೆಯೇ ಹೆಸರು ಹಾಕಿಸಿ.

ವಿದೇಶಿ ಗಂಡ ಅಥವಾ ಹೆಂಡತಿಗೆ

ನೋಂದಾಯಿತ ಮದುವೆಯಾಗಿ, ಅರ್ಜಿ ಹಾಕುವ ದಿನಕ್ಕೆ ಸತತ 2 ವರ್ಷ ದಾಂಪತ್ಯ ನಡೆದಿದ್ದರೆ ಓಸಿಐಗೆ ಅರ್ಹತೆ. ಛತ್ರದ ಫೋಟೊ, ಆಹ್ವಾನ ಪತ್ರಿಕೆ ನೋಂದಣಿ ಅಲ್ಲ. ಅಲ್ಲಿಯವರೆಗೆ ಎಂಟ್ರಿ ವೀಸಾ ತೆಗೆದುಕೊಳ್ಳಿ. ಇ-ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಅವಧಿ ವಿಸ್ತರಿಸಿಕೊಳ್ಳುವ ಲೆಕ್ಕ ಹಾಕಬೇಡಿ. ವೀಸಾದ ಮೇಲೆ ನೋಂದಣಿ ಬೇಕೆಂದು ಮುದ್ರಿಸಿದ್ದರೆ ಭಾರತ ತಲುಪಿದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒದಲ್ಲಿ (ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣ) ಮಾಡಿಸಬೇಕು. ಓಸಿಐ ಇದ್ದವರಿಗೆ ಇದು ಬೇಕಿಲ್ಲ.

ಮದುವೆಯ ಆಧಾರದ ಓಸಿಐ ವಿಚ್ಛೇದನವಾದರೆ ರದ್ದಾಗುತ್ತದೆ. ಅರ್ಜಿದಾರರ ತಂದೆ ತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಓಸಿಐ ಇಲ್ಲ. ಈಗಿನ ಪಾಸ್‌ಪೋರ್ಟ್ ಬ್ರಿಟನ್ನಿನದು ಎಂಬುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಮಕ್ಕಳಿಗೂ ಇದೇ ಅಡ್ಡಿ. ಅಂಥ ಕುಟುಂಬಗಳು ಟಿಕೆಟ್ ಕೊಳ್ಳುವ ಮೊದಲು ವೀಸಾ ಕೈಗೆ ಬರಲಿ.

ಓಸಿಐ ಇದ್ದವರಲ್ಲಿ ಕೆಲವರು ಹೊಸ ಪಾಸ್‌ಪೋರ್ಟ್ ಬಂದ 3 ತಿಂಗಳೊಳಗೆ ಅದರ ಪ್ರತಿ ಮತ್ತು ಫೋಟೊ ಓಸಿಐ ಜಾಲತಾಣಕ್ಕೆ ಏರಿಸಬೇಕು. 20 ವರ್ಷದವರೆಗಿನ ಮಕ್ಕಳು ಪ್ರತಿ ಹೊಸ ಪಾಸ್‌ಪೋರ್ಟಿಗೂ, ಮದುವೆಯಿಂದ ಓಸಿಐ ಪಡೆದವರು ಪ್ರತಿ ಸಲವೂ, ಜೊತೆಗೆ ದಾಂಪತ್ಯ ಮುಂದುವರಿದಿದೆ ಎಂಬ ಘೋಷಣೆಯೊಂದಿಗೆ. ಇದಕ್ಕೆ ಶುಲ್ಕವಿಲ್ಲ. ಶುಲ್ಕವಿಲ್ಲದ್ದಕ್ಕೇ ಎಲ್ಲರೂ ಮರೆಯುತ್ತಾರೆ.

ಯುರೋಪಿಗೆ: ಐರೋಪ್ಯ ಒಕ್ಕೂಟದ ಪ್ರಜೆಯ ಭಾರತೀಯ ಗಂಡ ಅಥವಾ ಹೆಂಡತಿಗೆ 2004/38 ನಿರ್ದೇಶನದಡಿ ಷೆಂಗನ್ ವೀಸಾ ಉಚಿತ, ಬೇಗನೆ ಕೊಡಬೇಕು. ಆದರೆ ಪ್ರಯಾಣ ಆ ಪ್ರಜೆಯ ಸ್ವಂತ ದೇಶಕ್ಕಲ್ಲದೆ ಒಕ್ಕೂಟದ ಬೇರೊಂದು ದೇಶಕ್ಕೆ, ಅವರ ಜೊತೆಯಲ್ಲಿ ಅಥವಾ ಅವರನ್ನು ಸೇರಲು ಆಗಿರಬೇಕು. ಫ್ರೆಂಚ್ ಗಂಡನ ಜೊತೆ ಸ್ಪೇನಿಗೆ ಹೋಗುವಾಗ ಇದು ಸಲ್ಲುತ್ತದೆ, ಫ್ರಾನ್ಸಿಗೇ ಹೋಗುವಾಗ ಅಲ್ಲಿಯ ರಾಷ್ಟ್ರೀಯ ನಿಯಮ.

ಬಾಣಂತನಕ್ಕೆ ಊರಿಗೆ ಹೋಗುವವರಿಗೆ

ತವರಿನಲ್ಲಿ ಹೆರಿಗೆ ಎಂದು ನಿರ್ಧರಿಸಿದವರು ವಾಪಸಾಗುವ ದಾರಿಯನ್ನೂ ಯೋಚಿಸಿರಬೇಕು. ಭಾರತದಲ್ಲಿ ಹುಟ್ಟಿದ ಮಗುವಿಗೆ ಒಬ್ಬ ಪೋಷಕರು ಭಾರತೀಯರು, ಇನ್ನೊಬ್ಬರು ಅಕ್ರಮ ವಲಸಿಗರಲ್ಲ ಎಂದಾದರೆ ಮಗು ಭಾರತದ ಪ್ರಜೆ. ಆದರೆ ಇನ್ನೊಬ್ಬರ ದೇಶದ ಪಾಸ್‌ಪೋರ್ಟ್ ಮಾಡಿಸಿದರೆ ಆ ಪುಸ್ತಕದಲ್ಲಿ ಭಾರತದ ವೀಸಾವೂ ಇರುವುದಿಲ್ಲ, ಪ್ರವೇಶದ ಮುದ್ರೆಯೂ ಇರುವುದಿಲ್ಲ. ಹಾಗೇ ವಿಮಾನ ನಿಲ್ದಾಣಕ್ಕೆ ಹೋದರೆ ಇಮಿಗ್ರೇಷನ್‌ನಲ್ಲಿ ಮಗುವನ್ನು ತಡೆಯುತ್ತಾರೆ. ಮುಂಚಿತವಾಗಿ ಇ-ಎಫ್‌ಆರ್‌ಆರ್‌ಒ ಮೂಲಕ ನಿರ್ಗಮನ ಪರವಾನಗಿ ಪಡೆಯಿರಿ. ಜನನ ಪತ್ರ, ಮಗುವಿನ ಪಾಸ್‌ಪೋರ್ಟ್, ಇಬ್ಬರ ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಟಿಕೆಟ್ ಜೊತೆಗಿರಲಿ. ಅದು ಬರುವವರೆಗೆ ಬದಲಿಸಬಹುದಾದ ಟಿಕೆಟನ್ನೇ ಕೊಳ್ಳಿ.

ಒಬ್ಬರೇ ಮಗುವನ್ನು ಕರೆದೊಯ್ಯುವಾಗ

ಮಗುವಿನ ಹೆಸರಿಗೂ ನಿಮ್ಮ ಹೆಸರಿಗೂ ಹೊಂದದಿದ್ದರೆ ಗಡಿಯಲ್ಲಿ ಪ್ರಶ್ನೆ ಬರುವುದು ಸಹಜ, ಬೇಸರ ಮಾಡಿಕೊಳ್ಳಬೇಡಿ. ಇನ್ನೊಬ್ಬ ಪೋಷಕರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಅದರಲ್ಲಿ ಪ್ರಯಾಣದ ದಿನಾಂಕಗಳು, ಹೋಗುವ ದೇಶ, ಮಗುವಿನ ಪಾಸ್‌ಪೋರ್ಟ್ ಸಂಖ್ಯೆ, ಒಪ್ಪಿಗೆ ಕೊಟ್ಟವರ ಫೋನ್ ಇರಬೇಕು. ದಾಂಪತ್ಯದಲ್ಲಿ ಬಿರುಕಿದ್ದರೆ ಇದು ಇನ್ನೂ ಮುಖ್ಯ. ಪೋಷಕರೊಬ್ಬರು ಹೇಳದೆ ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸ್ ಕಳಿಸುವ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹೀಗಾಗಿ ಕೆಲವು ನ್ಯಾಯಾಲಯಗಳು ಮಗುವನ್ನು ಭಾರತಕ್ಕೆ ಕರೆದೊಯ್ಯಲು ಸುಲಭಕ್ಕೆ ಒಪ್ಪುವುದಿಲ್ಲ. ಜಗಳದ ಮಧ್ಯೆ ಹೇಳದೆ ಕೇಳದೆ ಮಗುವನ್ನೆತ್ತಿಕೊಂಡು ವಿಮಾನ ಹತ್ತಬೇಡಿ. ನೀವಿರುವ ದೇಶದಲ್ಲಿ ಅದು ಅಪರಾಧವಾಗಬಹುದು. ಮೊದಲು ವಕೀಲರನ್ನು ನೋಡಿ.

ಅಪೋಸ್ಟಿಲ್

ಒಂದು ದೇಶದ ದಾಖಲೆ ಅಸಲಿಯೆಂದು ಬೇರೆ ದೇಶ ಒಪ್ಪಲು ಹಾಕಿಸುವ ಸರ್ಕಾರಿ ದೃಢೀಕರಣವೇ ಅಪೋಸ್ಟಿಲ್. ಭಾರತ 2005ರ ಜುಲೈ 14ರಿಂದ, ಕೆನಡಾ 2024ರ ಜನವರಿ 11ರಿಂದ ಈ ವ್ಯವಸ್ಥೆಯಲ್ಲಿವೆ. ದಾಖಲೆ ಯಾವ ದೇಶದ್ದೋ ಅಪೋಸ್ಟಿಲ್ ಆಗುವುದು ಆ ದೇಶದಲ್ಲೇ. ಭಾರತದ ಮದುವೆ ಪ್ರಮಾಣಪತ್ರಕ್ಕೆ ಭಾರತದ ವಿದೇಶಾಂಗ ಸಚಿವಾಲಯದ್ದು. ಇಲ್ಲಿಗೆ ಬಂದ ಮೇಲೆ ನೆನಪಾದರೆ ಮೂಲಪ್ರತಿಯನ್ನು ಕೊರಿಯರ್ ಮಾಡಬೇಕಾಗುತ್ತದೆ. ಹೊರಡುವ ಮುನ್ನವೇ ಮಾಡಿಸಿ.

ಕಡತದಲ್ಲಿ ಇರಬೇಕಾದವು

- ಮಗುವಿನ ಪೂರ್ಣ ಜನನ ಪತ್ರ, ತಂದೆ ತಾಯಿ ಇಬ್ಬರ ಹೆಸರಿರುವುದು
- ಭಾರತದ ಕಾನ್ಸುಲೇಟಿನ ಜನನ ನೋಂದಣಿ ಪತ್ರ (ಅನ್ವಯಿಸಿದರೆ)
- ಮದುವೆ ನೋಂದಣಿ ಪತ್ರ, ಅಪೋಸ್ಟಿಲ್ ಸಮೇತ
- ಮಗು ಹುಟ್ಟಿದ ದಿನ ಚಾಲ್ತಿಯಲ್ಲಿದ್ದ ಇಬ್ಬರ ಪಾಸ್‌ಪೋರ್ಟ್ ಪ್ರತಿ
- ಪೌರತ್ವ ಬದಲಿಸಿದವರ ಸರೆಂಡರ್ ಸರ್ಟಿಫಿಕೇಟ್ (ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ್ದಕ್ಕೆ ಕೊಡುವ ಪತ್ರ), ಹೊಸ ಪೌರತ್ವದ ಪ್ರಮಾಣಪತ್ರ
- ಅರ್ಜಿ ಕೇಳುವ ಅಳತೆಯ ಫೋಟೊಗಳು, ಕೂಸಿನ ಫೋಟೊದಲ್ಲಿ ಹಿಡಿದವರ ಕೈ ಕಾಣಬಾರದು, ಕಣ್ಣು ತೆರೆದಿರಬೇಕು

ನಾಲ್ಕನೆಯದಕ್ಕೆ ಒಂದು ಮಾತು. ಪೌರತ್ವ ನಿರ್ಧಾರವಾಗುವುದು ಮಗು ಹುಟ್ಟಿದ ದಿನದ ಸ್ಥಿತಿಯಿಂದ. ಹಳೆಯ ಪಾಸ್‌ಪೋರ್ಟ್ ಅವಧಿ ಮುಗಿಯಿತೆಂದು ಅದರ ಪ್ರತಿ ಎಸೆದವರು, ಹತ್ತು ವರ್ಷದ ನಂತರ ಆ ದಿನ ತಾವು ಭಾರತದ ಪ್ರಜೆಯಾಗಿದ್ದೆವು ಎಂದು ತೋರಿಸಲು ಪರದಾಡುತ್ತಾರೆ. ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ.

ಸಂಘದ ಸ್ವಯಂಸೇವಕರು ಅರ್ಜಿಯನ್ನು ನಿಮ್ಮ ಜೊತೆ ಕೂತು ಓದಿ, ಹೆಸರು ದಿನಾಂಕ ಹೊಂದಿಸಿ ನೋಡುತ್ತಾರೆ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ನಿಮ್ಮ ಪರವಾಗಿ ಘೋಷಣೆಗೆ ಸಹಿ ಮಾಡುವುದಿಲ್ಲ, ಮೂಲ ದಾಖಲೆ ಇಟ್ಟುಕೊಳ್ಳುವುದಿಲ್ಲ. ಬರುವಾಗ ಇಬ್ಬರೂ ಬನ್ನಿ, ಎರಡೂ ಪಾಸ್‌ಪೋರ್ಟ್ ತನ್ನಿ, ಗಡುವಿನ ಹಿಂದಿನ ದಿನ ಬರಬೇಡಿ.