ಹಳೆಯ ಶಾಲಾ ಬಸ್ಸಿನಲ್ಲಿ ಬೈಕಿಗೂ ಜಾಗ, ಮಲಗಲೂ ಜಾಗ

ಬಸ್ಸನ್ನು ಓಡಾಡುವ ಮನೆಯಾಗಿಸುವಾಗ ಮಂಚ, ಅಡುಗೆಕಟ್ಟೆ ಎಲ್ಲಿ ಬರಬೇಕು ಎಂದು ಗೆರೆ ಎಳೆಯುವ ಮೊದಲು ಬೈಕು ಎಲ್ಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸಿ. ಹತ್ತಿಸಲು ಸುಲಭವಾಗಲೆಂದು ಹಿಂಬದಿಯನ್ನೇ ಗ್ಯಾರೇಜ್ ಮಾಡುವುದು ವಾಡಿಕೆ, ಅದು ಸರಿಯೇ. ಆದರೆ ಅಲ್ಲಿ ಹಿಂದಿನ ಆಕ್ಸಲ್ (ಎರಡು ಬದಿಯ ಚಕ್ರ ಜೋಡಿಸುವ ಅಡ್ಡ ದಂಡ) ಏತದ ಕಂಬವಾಗುತ್ತದೆ: ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ತಲಾ 200 ಕೆಜಿಯ ಎರಡು ಬೈಕು ಆಕ್ಸಲ್‌ನಿಂದ 2 ಮೀಟರ್ ಹಿಂದಿವೆ, ಎರಡು ಆಕ್ಸಲ್‌ಗಳ ನಡುವೆ 5 ಮೀಟರ್ ಇದೆ ಎಂದುಕೊಳ್ಳಿ. 400ನ್ನು 2ರಿಂದ ಗುಣಿಸಿ 5ರಿಂದ ಭಾಗಿಸಿದರೆ 160. ಮುಂದಿನ ಆಕ್ಸಲ್ ಮೇಲಿನ ಭಾರ ಅಷ್ಟು ಕೆಜಿ ಕಡಿಮೆಯಾಗುತ್ತದೆ, ಹಿಂದಿನದರ ಮೇಲೆ 400 ಅಲ್ಲ, 560 ಕೆಜಿ ಏರುತ್ತದೆ. ಮುಂದೆ ಹಗುರಾದರೆ ಒದ್ದೆ ರಸ್ತೆಯಲ್ಲಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಹಾಗಾಗಿ ನೀರಿನ ಟ್ಯಾಂಕ್, ಬ್ಯಾಟರಿಗಳನ್ನು ಎರಡು ಆಕ್ಸಲ್‌ಗಳ ನಡುವೆ, ಆದಷ್ಟು ಮುಂದಕ್ಕೆ ಇಡಿ.

ಬೈಕುಗಳನ್ನು ಉದ್ದಕ್ಕೆ, ಒಂದರ ಮುಖ ಮುಂದಕ್ಕೆ, ಇನ್ನೊಂದರದ್ದು ಹಿಂದಕ್ಕೆ ನಿಲ್ಲಿಸಿದರೆ ಹ್ಯಾಂಡಲ್‌ಗಳು ತಾಗುವುದಿಲ್ಲ. ಗ್ಯಾರೇಜಿಗೆ 2.5 ಮೀಟರ್ ಉದ್ದ ಸಾಕು.

ಸೀಟಿನ ಬೋಲ್ಟ್ ಬಿಚ್ಚುವಾಗ ಕೆಳಗಿನ ನಟ್ಟೂ ಜೊತೆಗೇ ತಿರುಗುತ್ತದೆ. ಜಗ್ಗಾಡದೆ ಗ್ರೈಂಡರ್‌ನಿಂದ ತಲೆ ಕತ್ತರಿಸಿ. ರಬ್ಬರ್, ಹಳೆಯ ಪ್ಲೈವುಡ್ ಎಲ್ಲ ತೆಗೆದು ತಗಡು ಕಾಣಲೇಬೇಕು, ತುಕ್ಕು ಅಡಗಿರುವುದು ಅಲ್ಲೇ. ಉಜ್ಜಿ, ತೂತಿಗೆ ತಗಡು ಬೆಸೆದು, ಎಪಾಕ್ಸಿ ಪ್ರೈಮರ್ ಹೊಡೆದ ಮೇಲೆ 18 ಮಿಮೀ ಪ್ಲೈವುಡ್ ಹಾಸಿ.

ಬೈಕ್ ಕಟ್ಟುವ ಕೊಂಡಿಗಳನ್ನು ಪ್ಲೈವುಡ್‌ಗೆ ಸ್ಕ್ರೂ ಹೊಡೆದು ಕೂರಿಸಬೇಡಿ. 8.8 ದರ್ಜೆಯ (ಹೆಚ್ಚು ಗಟ್ಟಿ ಉಕ್ಕಿನ) 12 ಮಿಮೀ ಬೋಲ್ಟ್ ನೆಲ ದಾಟಿ ಚಾಸಿಯ, ಅಂದರೆ ಬಸ್ಸಿನ ಅಡಿಯ ಚೌಕಟ್ಟಿನ, ಅಡ್ಡ ತೊಲೆಗೇ ಬರಲಿ. ತೊಲೆ ಸಿಗದ ಕಡೆ ಕೆಳಗಿನಿಂದ 100x100x6 ಮಿಮೀ ಉಕ್ಕಿನ ತಟ್ಟೆ ಕೊಡಿ. ಬರೀ ವಾಷರ್ ಹಾಕಿದರೆ ಜೋರಾಗಿ ಬ್ರೇಕ್ ಹಾಕಿದಾಗ ತಗಡು ಹರಿದು ಬೋಲ್ಟ್ ಮೇಲೆದ್ದು ಬರಬಹುದು. ಇನ್ನೊಂದು ಸೂಕ್ಷ್ಮವಿದೆ: ಬಿಗಿದ ಬೋಲ್ಟಿನಡಿ ಪ್ಲೈವುಡ್ ನಿಧಾನಕ್ಕೆ ಕುಗ್ಗಿ, ನಟ್ ತಾನಾಗಿ ಸಡಿಲಾಗುತ್ತದೆ. ಪ್ಲೈವುಡ್ಡಿನ ದಪ್ಪಕ್ಕೆ ಸರಿಯಾಗಿ ಕತ್ತರಿಸಿದ ಕಬ್ಬಿಣದ ಕೊಳವೆಯನ್ನು ತೂತಿನೊಳಗೆ ಇಟ್ಟು ಬಿಗಿದರೆ ಈ ಕಾಟ ಇಲ್ಲ.

ಹಿಂದಿನ ಬಾಗಿಲು ಬೈಕಿನ ಹ್ಯಾಂಡಲ್‌ಗಿಂತ ಎರಡೂ ಕಡೆ 10 ಸೆಂಮೀ ಅಗಲವಿರಲಿ. ಅಗಲ ಮಾಡುವುದಾದರೆ 50x50x3 ಮಿಮೀ ಚೌಕ ಪೈಪಿನ ಚೌಕಟ್ಟು ಬೆಸೆದ ಮೇಲೆಯೇ ತಗಡು ಕತ್ತರಿಸಿ. ಮೂಲೆಯ ಕಂಬ, ಚಾವಣಿಯ ಕಮಾನುಗಳನ್ನು ಮುಟ್ಟಲೇಬೇಡಿ, ಬಸ್ಸು ಮಗುಚಿದರೆ ಕಾಯುವುದು ಅವೇ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿಡಿ.

ಗ್ಯಾರೇಜಿಗೂ ಮಲಗುವ ಕೋಣೆಗೂ ನಡುವಿನ ಗೋಡೆಯಲ್ಲಿ ಗಾಳಿ ನುಸುಳುವ ಒಂದು ಸೀಳೂ ಇರಬಾರದು, ವೈರ್ ಹೋಗುವ ತೂತನ್ನೂ ಸೀಲ್ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ಚಾವಣಿಗೆ ಫ್ಯಾನ್ ಹಾಕಿ ಸುಮ್ಮನಾದರೆ ಅದು ಕೆಳಗೇ ಉಳಿಯುತ್ತದೆ. ನೆಲಮಟ್ಟದಲ್ಲಿ ಎರಡು ಬದಿಗೂ ಸದಾ ತೆರೆದ ಜಾಲರಿ ಕಿಂಡಿ ಬೇಕು. ಇನ್ವರ್ಟರ್, ಫ್ರಿಜ್, ಹೀಟರ್, ಬ್ಯಾಟರಿ ಯಾವುದೂ ಆ ಕಡೆ ಬೇಡ. ಗೋಡೆ ಬಂದ ಮೇಲೆ ಹಿಂದಿನ ತುರ್ತು ಬಾಗಿಲು ಮಲಗಿದವರಿಗೆ ಸಿಗುವುದಿಲ್ಲವಾದ್ದರಿಂದ, ಮಂಚದ ಪಕ್ಕ ಒಳಗಿನಿಂದ ತೆರೆಯುವ, ಮನುಷ್ಯ ತೂರುವಷ್ಟು ದೊಡ್ಡ ಕಿಟಕಿ ಇರಲೇಬೇಕು. ಕಾರ್ಬನ್ ಮಾನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರಂ ಕೂಡ.

ಬಸ್ಸಿನ ನೆಲ 1 ಮೀಟರ್ ಎತ್ತರವಿದ್ದರೆ, ಬೈಕು ಹತ್ತಿಸುವ 3 ಮೀಟರ್ ರಾಂಪ್ (ಇಳಿಜಾರು ಹಲಗೆ) ಸುಮಾರು 20 ಡಿಗ್ರಿ ಏರು ಕೊಡುತ್ತದೆ. ರಾಂಪನ್ನು ಪಟ್ಟಿಯಿಂದ ಬಸ್ಸಿಗೆ ಬಿಗಿಯಿರಿ, ಇಲ್ಲದಿದ್ದರೆ ಹಿಂದಿನ ಚಕ್ರ ಅದನ್ನು ಹಿಂದಕ್ಕೆ ಒದ್ದು ಬೈಕು ಬೀಳುತ್ತದೆ. ನೀವು ನಡೆದು ಹತ್ತಲು ಪಕ್ಕದಲ್ಲಿ ಇನ್ನೊಂದು ಹಲಗೆ ಇಡಿ.

ಬೈಕಿಗೆ ನಾಲ್ಕು ರಾಚೆಟ್ ಪಟ್ಟಿ (ಹಿಡಿ ಆಡಿಸಿ ಬಿಗಿಯುವ ಪಟ್ಟಿ). ಮುಂದಿನವನ್ನು ಹ್ಯಾಂಡಲ್‌ಗಲ್ಲ, ಫೋರ್ಕಿನ (ಮುಂದಿನ ಚಕ್ರ ಹಿಡಿದ ಎರಡು ಕೊಳವೆಗಳ) ಕೆಳ ಕ್ಲ್ಯಾಂಪಿಗೆ ಹಾಕಿ, ಫೋರ್ಕ್ ಮೂರನೇ ಒಂದು ಭಾಗ ಕುಗ್ಗುವಷ್ಟು ಬಿಗಿಯಿರಿ. ಪೂರ್ತಿ ಅದುಮಿದರೆ ಆಯಿಲ್ ಸೀಲ್‌ಗೆ ಪೆಟ್ಟು. ಸ್ಟ್ಯಾಂಡ್ ಮಡಚಿರಲಿ. 30 ಕಿಮೀ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ.

ಎಲ್ಲ ಮುಗಿದ ಮೇಲೆ ನೀರು, ಡೀಸೆಲ್, ಬೈಕು, ಜನ ತುಂಬಿಸಿ ವೇಬ್ರಿಡ್ಜ್‌ನಲ್ಲಿ ಒಂದೊಂದೇ ಆಕ್ಸಲ್ ತೂಗಿಸಿ, ತಯಾರಕರ ಫಲಕದಲ್ಲಿರುವ ಮಿತಿಯೊಂದಿಗೆ ಹೋಲಿಸಿ. ಹಿಂದಿನದು ಮಿತಿ ದಾಟಿದ್ದರೆ ಟ್ಯಾಂಕನ್ನು ಮುಂದಕ್ಕೆ ಸರಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಒಂದೇ ಬೈಕು ಒಯ್ಯಿರಿ.