ನಿಂತಾಗ ಬಿಸಿ, ಓಡುವಾಗ ತಂಪು: ಕಾರಿನ ಎ.ಸಿ. ಸರಿಹೋದ ಬಗೆ

ಹೆದ್ದಾರಿಯಲ್ಲಿ ಚೆನ್ನಾಗಿಯೇ ತಂಪು ಕೊಡುತ್ತಿದ್ದ ನಮ್ಮ ಕಾರಿನ ಎ.ಸಿ., ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಸಿಗ್ನಲ್ ಬಳಿ ನಿಂತರೆ ಸಾಕು, ಬಿಸಿ ಗಾಳಿಯನ್ನು ಊದತೊಡಗುತ್ತಿತ್ತು. ಗ್ಯಾರೇಜಿನವರು ಬಾನೆಟ್ ತೆರೆಯದೆಯೇ ಗ್ಯಾಸ್ ತುಂಬಿಸಬೇಕೆಂದರು. ಗ್ಯಾಸ್ ಕಡಿಮೆಯಾದಾಗಲೂ ಹೀಗಾಗುವುದುಂಟು. ಆದರೆ ಬಾನೆಟ್ಟಿನೊಳಗಿನ ರೇಡಿಯೇಟರ್ ಫ್ಯಾನ್ ನೋಡಲು ದುಡ್ಡು ಬೇಕಿಲ್ಲವಾದ್ದರಿಂದ ಮೊದಲು ಅದನ್ನೇ ಪರೀಕ್ಷಿಸಿದೆ. ಕಾರು ಓಡುವಾಗ ರೇಡಿಯೇಟರಿನ ಮುಂದಿರುವ ಕಂಡೆನ್ಸರನ್ನು (ಎ.ಸಿ. ಗ್ಯಾಸಿನ ಬಿಸಿಯನ್ನು ಹೊರಹಾಕುವ ಭಾಗ) ಎದುರುಗಾಳಿಯೇ ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು, ಅದು ತಿರುಗದಿದ್ದರೆ ಗ್ಯಾಸಿನ ಒತ್ತಡ ಏರಿ, ಪ್ರೆಷರ್ ಸ್ವಿಚ್, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ.

ಎಂಜಿನ್ ಹಾಗೂ ಎ.ಸಿ. ಚಾಲೂ ಮಾಡಿ, ಕೈಯನ್ನು ದೂರವಿಟ್ಟು ಗಮನಿಸಿದಾಗ ಕಂಪ್ರೆಸರಿನ ಕ್ಲಚ್ 'ಟಕ್' ಎಂದು ಹಿಡಿಯಿತು, ಅಂದರೆ ಕಂಪ್ರೆಸರ್ ಚಾಲೂ ಆಯಿತು, ಫ್ಯಾನ್ ಮಾತ್ರ ಅಲುಗಲಿಲ್ಲ. ಫ್ಯೂಸ್ ಸರಿಯಾಗಿಯೇ ಇತ್ತು, ಹಾಗಾಗಿ ಫ್ಯಾನಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ರಿಲೇ ಮೇಲೆ ಅನುಮಾನ ಬಂತು. ಎಂಜಿನ್ ಆರಿಸಿ, ಅದೇ ನಂಬರಿನ ಹಾರ್ನ್ ರಿಲೇಯನ್ನು ಕಿತ್ತು ಫ್ಯಾನಿನ ರಿಲೇ ಇದ್ದಲ್ಲಿ ಕೂರಿಸಿ ಮತ್ತೆ ಚಾಲೂ ಮಾಡಿದೆ. ಫ್ಯಾನ್ ಭರ್ರನೆ ತಿರುಗಿತು. ಹಳೆಯ ರಿಲೇಯ ಒಂದು ಪಿನ್ ಸುಟ್ಟು ಕಪ್ಪಾಗಿ, ಅದರ ಬುಡದ ಪ್ಲಾಸ್ಟಿಕ್ ಕರಗಿತ್ತು. ಪಿನ್ ಹೀಗೆ ಸುಡುವುದು ಹೆಚ್ಚಾಗಿ ಸಡಿಲ ಹಿಡಿತದಿಂದ. ಆದ್ದರಿಂದ ಹೊಸ ರಿಲೇ ಹಾಕುವ ಮುನ್ನ ಆಟೋ ಎಲೆಕ್ಟ್ರಿಷಿಯನ್‌ ಒಬ್ಬರಿಂದ ಸಾಕೆಟ್ಟಿನ ಟರ್ಮಿನಲ್ಲನ್ನು ಬಿಗಿ ಮಾಡಿಸಿದೆ. ಗ್ಯಾಸ್ ಮುಟ್ಟುವ ಅಗತ್ಯವೇ ಬೀಳಲಿಲ್ಲ.